ಹಳೆ ಎಸಿ ಗ್ಯಾಸ್ ಮಷಿನ್: ಮುಳ್ಳು ಇಪ್ಪತ್ತಾರೂವರೆಗೆ ನಿಂತರೆ ಪಂಪ್ ಕೆಟ್ಟಿದೆಯಾ?

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಮೂರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಕಾರ್ ಎಸಿ ಸರ್ವಿಸ್ ಮಷಿನ್ ತಗೊಂಡೆ. 2008ರ ಸುಮಾರಿನದು. ಗ್ಯಾಸ್ ಹೊರಗೆ ಎಳೆಯೋದು, ವ್ಯಾಕ್ಯೂಮ್ ಮಾಡೋದು, ಆಯಿಲ್ ಹಾಕೋದು, ಗ್ಯಾಸ್ ತುಂಬೋದು ಎಲ್ಲಾ ಅದರಲ್ಲೇ ಇದೆ. ಎಷ್ಟು ಹೊತ್ತು ಓಡಿಸಿದರೂ ವ್ಯಾಕ್ಯೂಮ್ ಗೇಜಿನ ಮುಳ್ಳು ಇಪ್ಪತ್ತಾರೂವರೆ ಇಂಚಿಗೆ ನಿಲ್ಲುತ್ತದೆ. ಪುಸ್ತಕದಲ್ಲಿ 29 ದಾಟಬೇಕು ಅಂತಿದೆ. ಪಂಪ್ ಹೋಗಿದೆ, ಹೊಸದು ಹಾಕಿಸಿ ಅಂತ ಮಾರಿದವರೇ ಹೇಳುತ್ತಿದ್ದಾರೆ. ಇನ್ನೊಂದು ತೊಂದರೆ: ಬಾನೆಟ್ ಸ್ಟಿಕ್ಕರ್‌ನಲ್ಲಿ ಇರುವಷ್ಟೇ ಗ್ರಾಂ ಹಾಕಿದರೂ ಕೆಲವು ಕಾರು ಮಧ್ಯಾಹ್ನದ ಬಿಸಿಲಲ್ಲಿ ಕೂಲಿಂಗ್ ಕೊಡಲ್ಲ. ಈ ಮಷಿನ್ ಇಟ್ಕೊಳ್ಳಬಹುದಾ? ಹೊಸ ಗ್ಯಾಸಿನ ಕಾರಿಗೆ, ಹೈಬ್ರಿಡ್ ಕಾರಿಗೆ ಇದನ್ನೇ ಬಳಸಬಹುದಾ?

ಉತ್ತರ: ನಮಸ್ಕಾರ. ಮೊದಲು ಪಂಪ್ ವಿಚಾರ. ಸದ್ಯಕ್ಕೆ ಅದಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಮುಳ್ಳಿನ ಗೇಜ್ ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ಗಾಳಿಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಮಂಗಳೂರಿನ ಹಾಗೆ ಸಮುದ್ರದ ಪಕ್ಕ ಇದ್ದರೆ ಹೊರಗಿನ ಗಾಳಿ ಸುಮಾರು 29.9 ಇಂಚು ಪಾದರಸದಷ್ಟು ಒತ್ತುತ್ತದೆ (ಗೇಜಿನ ಇಂಚು ಅಂದರೆ ಇದೇ). ಹಾಸನ ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 970 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 26.6 ಇಂಚು. ಅಂದರೆ ಪಂಪ್ ಒಳಗಿನ ಗಾಳಿಯನ್ನೆಲ್ಲ ಎಳೆದು ಹಾಕಿದರೂ ಮುಳ್ಳು ಆ ಅಂಕಿಯನ್ನು ದಾಟುವುದಿಲ್ಲ. ಬೆಂಗಳೂರಿನಲ್ಲೂ 27ರ ಒಳಗೇ ನಿಲ್ಲುತ್ತದೆ. ನಿಮ್ಮೂರಲ್ಲಿ ನೀರು ಕುದಿಯುವುದೂ 100 ಡಿಗ್ರಿಗಲ್ಲ, 97ರ ಹತ್ತಿರ. ಕಾರಣ ಎರಡಕ್ಕೂ ಒಂದೇ. ಪುಸ್ತಕ ಬರೆದವರು ಸಮುದ್ರ ಮಟ್ಟದ ಲೆಕ್ಕ ಕೊಟ್ಟಿದ್ದಾರೆ. ಈ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟೋ ಒಳ್ಳೆ ಪಂಪ್‌ಗಳು ಗುಜರಿಗೆ ಹೋಗಿವೆ. ಅದನ್ನು ನೆನೆದರೆ ಬೇಸರವಾಗುತ್ತದೆ.

ಹಾಗಂತ ನಿಮ್ಮ ಪಂಪ್ ಚೆನ್ನಾಗಿದೆ ಅಂತ ಆ ಮುಳ್ಳು ಹೇಳುತ್ತಿದೆ ಅಂದುಕೊಳ್ಳಬೇಡಿ. ಅದನ್ನು ಹೇಳುವ ಶಕ್ತಿ ಆ ಗೇಜಿಗೆ ಇಲ್ಲ. ವ್ಯಾಕ್ಯೂಮನ್ನು ಸರಿಯಾಗಿ ಅಳೆಯುವುದು ಮೈಕ್ರಾನ್‌ನಲ್ಲಿ. ಅದು ಒಳಗೆ ಇನ್ನೂ ಉಳಿದಿರುವ ಒತ್ತಡದ ಅಳತೆ, ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ಗೇಜಿನ ಒಂದು ಇಂಚಿನೊಳಗೆ 25,400 ಮೈಕ್ರಾನ್ ಅಡಗಿವೆ. ಮುಳ್ಳು 26ಕ್ಕೆ ನಿಂತಿದೆಯಾ, 26.6ಕ್ಕೆ ನಿಂತಿದೆಯಾ ಅಂತ ಕಣ್ಣಲ್ಲಿ ಹೇಳೋದು ಕಷ್ಟ. ಆದರೆ ಆ ಅರ್ಧ ಇಂಚಿನ ವ್ಯತ್ಯಾಸದಲ್ಲೇ ಕಾರಿನೊಳಗಿನ ತೇವ ಹೋಗುತ್ತದೆಯೋ ಉಳಿಯುತ್ತದೆಯೋ ಅನ್ನೋದು ತೀರ್ಮಾನವಾಗುತ್ತದೆ. ವ್ಯಾಕ್ಯೂಮ್ ಮಾಡುವ ಮುಖ್ಯ ಉದ್ದೇಶವೇ ಒಳಗಿನ ನೀರನ್ನು ಕುದಿಸಿ ಆವಿಯಾಗಿ ಹೊರಗೆ ತರೋದು. 30 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒಳಗಿನ ಒತ್ತಡ 42 ಮಿಲಿಬಾರ್‌ಗೆ ಇಳಿಯಬೇಕು. ಚಳಿಗಾಲದ ಬೆಳಿಗ್ಗೆ ಕಾರು 17–18 ಡಿಗ್ರಿಯಲ್ಲಿ ತಣ್ಣಗೆ ನಿಂತಿದ್ದರೆ ಇನ್ನೂ ಕೆಳಗೆ, 20 ಮಿಲಿಬಾರ್‌ಗೆ. ಹಾಗಾಗಿ ಪಂಪಿಗೆ ಕೊಡಬೇಕು ಅಂದುಕೊಂಡ ದುಡ್ಡಿನಲ್ಲಿ ಒಂದು ಸಣ್ಣ ಭಾಗ ತೆಗೆದು ಡಿಜಿಟಲ್ ಮೈಕ್ರಾನ್ ಗೇಜ್ ಒಂದನ್ನು ತಗೊಳ್ಳಿ.

ಅದನ್ನು ಮೊದಲು ನೇರವಾಗಿ ಪಂಪಿನ ಬಾಯಿಗೇ ಹಾಕಿ ನೋಡಿ. ಪಂಪ್ ಬಿಸಿಯಾದ ಮೇಲೆ ಕೆಲವೇ ನಿಮಿಷದಲ್ಲಿ 500 ಮೈಕ್ರಾನ್‌ಗಿಂತ ಕೆಳಗೆ ಇಳಿದರೆ ಪಂಪ್ ಗಟ್ಟಿಯಾಗಿದೆ. ಆಮೇಲೆ ಅದೇ ಗೇಜನ್ನು ಮಷಿನ್‌ನ ಪೈಪಿನ ತುದಿಗೆ ಹಾಕಿ. ಪಂಪಿನ ಬಾಯಲ್ಲಿ 300, ಪೈಪಿನ ತುದಿಯಲ್ಲಿ 5,000 ಅಂತ ಬಂದರೆ ತೊಂದರೆ ಇರುವುದು ನಡುವಿನ ದಾರಿಯಲ್ಲಿ. ನಾನು ನೋಡಿದ ಹಳೆ ಮಷಿನ್‌ಗಳಲ್ಲಿ ಜಾಸ್ತಿ ಸಲ ಆ ಕಳ್ಳ ಸಿಕ್ಕಿರುವುದು ಕಾರಿಗೆ ಸಿಗಿಸುವ ಕಪ್ಲರ್ ಒಳಗೆ. ಕೆಂಪು (ಹೈ ಸೈಡ್, ಅಂದರೆ ಹೆಚ್ಚು ಒತ್ತಡದ ಕಡೆ), ನೀಲಿ (ಕಡಿಮೆ ಒತ್ತಡದ ಕಡೆ) ಎರಡನ್ನೂ ಬಿಚ್ಚಿ, ಟಾರ್ಚ್ ಹಾಕಿ ಒಳಗಿನ ಕಪ್ಪು ಓ-ರಿಂಗ್ ನೋಡಿ. ದುಂಡಗೆ ಉಬ್ಬಿರಬೇಕಾದ ರಿಂಗು ಚಪ್ಪಟೆಯಾಗಿ, ಅಂಚಲ್ಲಿ ಕೂದಲಿನಂಥ ಸೀಳು ಬಿಟ್ಟಿರುತ್ತದೆ. ಬೆರಳಿಂದ ಮುಟ್ಟಿದರೆ ಗಡಸಾಗಿರುತ್ತದೆ. ಕೆಲವೇ ರೂಪಾಯಿಯ ಸಾಮಾನು. ಗ್ಯಾಸ್ ಲೈನಿಗೆ ಬರುವ ಓ-ರಿಂಗನ್ನೇ ಹಾಕಿ, ಎಸಿ ಆಯಿಲ್ ಒಂದು ಹನಿ ಸವರಿ ಕೂರಿಸಿ. ಸಾಮಾನ್ಯ ರಬ್ಬರ್ ರಿಂಗ್ ಈ ಗ್ಯಾಸಿಗೆ, ಆಯಿಲಿಗೆ ಉಬ್ಬಿ ಹೋಗುತ್ತದೆ.

ಒಂದು ಎಚ್ಚರಿಕೆ. ಗ್ಯಾಸ್ ತುಂಬುವ ಮೊದಲು ಮೈಕ್ರಾನ್ ಗೇಜನ್ನು ವಾಲ್ವ್ ಮುಚ್ಚಿ ಬೇರೆ ಮಾಡಿ. ಒತ್ತಡ ಬಿದ್ದರೆ ಹಲವು ಗೇಜ್‌ಗಳ ಸೆನ್ಸರ್ ಹಾಳಾಗುತ್ತದೆ.

ಪಂಪಿನ ಆಯಿಲ್ ಬಗ್ಗೆ ನೀವು ಏನೂ ಬರೆದಿಲ್ಲ. ಬಹುಶಃ ಅದನ್ನು ಯಾರೂ ಬದಲಿಸಿಯೇ ಇಲ್ಲ ಅನ್ನಿಸುತ್ತದೆ. ಪಂಪಿನ ಪಕ್ಕದ ಗಾಜಿನ ಕಣ್ಣಲ್ಲಿ ನೋಡಿ. ಒಳ್ಳೆ ಆಯಿಲ್ ನೀರಿನ ಹಾಗೆ ತಿಳಿಯಾಗಿರುತ್ತದೆ. ಮಜ್ಜಿಗೆ ಥರ ಕಂಡರೆ ಒಳಗೆ ನೀರು ಸೇರಿದೆ. ಹಾಲು ಜಾಸ್ತಿ ಬಿದ್ದ ಟೀ ಥರ ಇದ್ದರೆ ನೀರೂ ಇದೆ, ಕೊಳೆಯೂ ಇದೆ. ಅಂಥ ಆಯಿಲ್ ಇಟ್ಟುಕೊಂಡು ವ್ಯಾಕ್ಯೂಮ್ ಆಳಕ್ಕೆ ಹೋಗೋದಿಲ್ಲ, ಯಾಕಂದರೆ ಆ ಆಯಿಲಿನೊಳಗಿನ ನೀರೇ ಆವಿಯಾಗಿ ವಾಪಸ್ ಬರುತ್ತಿರುತ್ತದೆ. ಹತ್ತು ನಿಮಿಷ ಓಡಿಸಿ, ಬಿಸಿ ಇದ್ದಾಗಲೇ ಇಳಿಸಿ. ವ್ಯಾಕ್ಯೂಮ್ ಪಂಪ್ ಆಯಿಲನ್ನೇ ಗೆರೆಯ ಮಟ್ಟಕ್ಕೆ ಹಾಕಿ, ಇನ್ನೊಮ್ಮೆ ಓಡಿಸಿ. ಮತ್ತೆ ಮಸುಕಾದರೆ ಮತ್ತೆ ಇಳಿಸಿ. ಎಂಜಿನ್ ಆಯಿಲ್, ಕಂಪ್ರೆಸರ್ ಆಯಿಲ್ ಎರಡೂ ಬೇಡ. ಕೆಲವು ಮಷಿನ್‌ಗಳು 10 ಗಂಟೆ ಓಡಿದ ಕೂಡಲೇ ಆಯಿಲ್ ಬದಲಿಸಿ ಅನ್ನುತ್ತವೆ. ನಾನು ಗಂಟೆಯನ್ನು ನಂಬೋದಕ್ಕಿಂತ ಆ ಗಾಜಿನ ಕಣ್ಣನ್ನು ನಂಬುತ್ತೇನೆ. ಮಳೆಗಾಲದಲ್ಲಿ, ಅದೂ ಸಕಲೇಶಪುರದ ಕಡೆಯಿಂದ ನೀರು ಕುಡಿದ ಗಾಡಿಗಳು ಬರುವಾಗ, ವಾರಕ್ಕೊಮ್ಮೆ ನೋಡಿ. ಪಂಪಿನ ಮೇಲೆ ಗ್ಯಾಸ್ ಬ್ಯಾಲಸ್ಟ್ ಅನ್ನುವ ಸಣ್ಣ ತಿರುಪು ಇದ್ದರೆ ಮೊದಲ ಐದು ನಿಮಿಷ ತೆರೆದಿಟ್ಟು ಓಡಿಸಿ, ಆಮೇಲೆ ಮುಚ್ಚಿ. ತೇವ ಆಯಿಲಿಗೆ ಇಳಿಯದೆ ಹೊರಗೆ ಹೋಗಲು ಇರುವುದೇ ಅದು.

ಇನ್ನು ನಿಮ್ಮ ಎರಡನೇ ತೊಂದರೆ. ನನಗೆ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆ. ಸರಿಯಾಗಿ ಗ್ರಾಂ ಹಾಕಿದರೂ ಬಿಸಿಲಲ್ಲಿ ಕೂಲಿಂಗ್ ಇಲ್ಲ ಅಂದರೆ ನನ್ನ ಅನುಮಾನ ಮಷಿನ್‌ನ ಟ್ಯಾಂಕಿನ ಮೇಲೆ. ಅದರಲ್ಲಿ ಬರೀ ಗ್ಯಾಸ್ ಇಲ್ಲ, ಗಾಳಿಯೂ ಸೇರಿಕೊಂಡಿದೆ ಅನ್ನಿಸುತ್ತದೆ.

ಹೀಗೆ ಅನ್ನೋದಕ್ಕೆ ಕಾರಣ ಇದೆ. ಒಂದು ಏಪ್ರಿಲ್‌ನಲ್ಲಿ ನಾನು ಗ್ಯಾಸ್ ಹಾಕಿ ಕಳಿಸಿದ ಮೂರು ಕಾರು ಒಂದೇ ವಾರದಲ್ಲಿ ವಾಪಸ್ ಬಂದವು. ಬೆಳಿಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ ಬರುತ್ತೆ ಅನ್ನೋದೇ ಮೂವರ ದೂರು. ಹೈ ಸೈಡ್ ಗೇಜ್ ಇರಬೇಕಾದ್ದಕ್ಕಿಂತ ಮೇಲೆ ಕುಣಿಯುತ್ತಿತ್ತು. ಕಂಡೆನ್ಸರ್ ತೊಳೆದೆ, ಫ್ಯಾನ್ ನೋಡಿದೆ. ಒಂದು ಕಾರಿಗೆ ಎಕ್ಸ್‌ಪ್ಯಾನ್ಶನ್ ವಾಲ್ವ್ ಕೂಡ ಬದಲಿಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಒಂದು ರಾತ್ರಿ ಮಷಿನ್ ಆಫ್ ಮಾಡಿ ಹಾಗೇ ಬಿಟ್ಟೆ. ಬೆಳಿಗ್ಗೆ ಟ್ಯಾಂಕಿನ ಮೈಗೆ ಥರ್ಮಾಮೀಟರ್ ತಾಗಿಸಿದರೆ 24 ಡಿಗ್ರಿ. ಈ ಮಷಿನ್‌ಗಳಲ್ಲಿ ಬಳಸುವ ಕಾರ್ ಎಸಿ ಗ್ಯಾಸ್, ಅಂದರೆ ಆರ್134ಎ, ಶುದ್ಧವಾಗಿದ್ದರೆ 24 ಡಿಗ್ರಿಗೆ ಸುಮಾರು 79 ಪಿಎಸ್‌ಐ ತೋರಿಸಬೇಕು. ನನ್ನ ಟ್ಯಾಂಕ್ ತೋರಿಸಿದ್ದು 104. ಹೆಚ್ಚಿಗೆ ಇದ್ದ ಆ 25 ಪಿಎಸ್‌ಐ ಗಾಳಿಯದು. ಅದನ್ನೇ ನಾನು ಜನರ ಕಾರಿಗೆ ತುಂಬುತ್ತಿದ್ದೆ. ಮೂವರನ್ನೂ ಕರೆಸಿ, ಬಿಟ್ಟಿಯಾಗಿ ಮತ್ತೆ ಮಾಡಿಕೊಟ್ಟೆ. ವಾಲ್ವ್ ದುಡ್ಡನ್ನೂ ವಾಪಸ್ ಕೊಟ್ಟೆ.

ನೀವೂ ಇದನ್ನೇ ಮಾಡಿ. ಹಿಂದಿನ ದಿನ ಸಂಜೆಯೇ ಮಷಿನ್ ಆಫ್ ಮಾಡಿ. ಟ್ಯಾಂಕಿಗೆ ಸುತ್ತಿದ ಹೀಟರ್ ಪಟ್ಟಿ ಇದ್ದರೆ ಅದೂ ಆಫ್ ಆಗಿರಬೇಕು. ಬಿಸಿಲು ಬೀಳುವ ಮೊದಲು ಟ್ಯಾಂಕಿನ ತಾಪ ಮತ್ತು ಒತ್ತಡ ಎರಡನ್ನೂ ಬರೆದುಕೊಳ್ಳಿ. 20 ಡಿಗ್ರಿಗೆ 68 ಪಿಎಸ್‌ಐ, 25ಕ್ಕೆ 82, 30ಕ್ಕೆ 97, 35ಕ್ಕೆ 114. ಇದು ಸಮುದ್ರ ಮಟ್ಟದ ಲೆಕ್ಕ. ಹಾಸನದಲ್ಲಿ ಮುಳ್ಳು ಒಂದೂವರೆ ಪಿಎಸ್‌ಐ ಜಾಸ್ತಿ ತೋರಿಸಿದರೆ ಅದು ಸರಿಯೇ. ಐದಾರು ಪಿಎಸ್‌ಐ ಜಾಸ್ತಿ ಇದ್ದರೆ ಗಾಳಿ ಇದೆ. ಟ್ಯಾಂಕಿನ ಮೇಲುಭಾಗದ ಆವಿ ವಾಲ್ವನ್ನು ಕೂದಲೆಳೆಯಷ್ಟು ತೆರೆಯಿರಿ. ಗಾಳಿ ಮೇಲೆ ನಿಂತಿರುತ್ತದೆ, ಅದೇ ಮೊದಲು ಹೋಗುತ್ತದೆ. ಸ್ವಲ್ಪ ಬಿಡಿ, ಮುಚ್ಚಿ, ಒಂದು ಗಂಟೆ ಕಾಯಿರಿ, ಮತ್ತೆ ನೋಡಿ. ಅವಸರ ಮಾಡಿದರೆ ಗಾಳಿಯ ಜೊತೆ ಗ್ಯಾಸೂ ಹೋಗುತ್ತದೆ. ನಿಮ್ಮ ಮಷಿನ್‌ನಲ್ಲಿ ತಾನಾಗಿಯೇ ಗಾಳಿ ಬಿಡುವ ಪರ್ಜ್ ವಾಲ್ವ್ ಇರಬಹುದು. ಇಷ್ಟು ವರ್ಷವಾದ ಮೇಲೆ ಅದರ ಸಣ್ಣ ತೂತು ಆಯಿಲ್ ಜಿಡ್ಡಿಗೆ ಕಟ್ಟಿಕೊಂಡಿರುತ್ತದೆ. ಬಿಚ್ಚಿ ಸ್ವಚ್ಛ ಮಾಡಿ.

ಗಾಳಿ ಎಲ್ಲಿಂದ ಬಂತು? ಲೀಕ್ ಇದ್ದು ಖಾಲಿಯಾದ ಕಾರಿಗೆ ಪೈಪ್ ಹಾಕಿ ಗ್ಯಾಸ್ ಎಳೆಯೋ ಬಟನ್ ಒತ್ತಿದರೆ ಮಷಿನ್ ಆ ಲೀಕ್‌ನಿಂದ ಹೊರಗಿನ ಗಾಳಿಯನ್ನೇ ಎಳೆದು ಟ್ಯಾಂಕಿಗೆ ತುಂಬುತ್ತದೆ. ಮೊದಲು ಗೇಜ್ ನೋಡಿ. ಸೊನ್ನೆ ಇದ್ದರೆ ಎಳೆಯಲೇಬೇಡಿ. ಫಿಲ್ಟರ್ ಬದಲಿಸಿದ ಮೇಲೆ ಆ ಲೈನನ್ನು ವ್ಯಾಕ್ಯೂಮ್ ಮಾಡದೆ ಕೆಲಸ ಶುರು ಮಾಡಿದರೂ ಇದೇ ಕತೆ.

ಗಾಳಿ ಬಿಟ್ಟರೂ ಒತ್ತಡ ಸರಿಯಾದ ಅಂಕಿಗೆ ಇಳಿಯದಿದ್ದರೆ? ಆಗ ಕೆಲಸ ನಿಲ್ಲಿಸಿ. ಬೇರೆ ಗ್ಯಾಸ್ ಬೆರೆತಿದೆ ಅಂತ ಅರ್ಥ. ಹಳೆ ಗಾಡಿಗಳಲ್ಲಿ ಯಾರೋ ಹಳೆ ಮನೆ ಎಸಿಗಳ ಆರ್22 ಗ್ಯಾಸ್ ಹಾಕಿರುತ್ತಾರೆ, ಎಲ್‌ಪಿಜಿ ಕೂಡ ಹಾಕುವವರಿದ್ದಾರೆ. ಅಂಥ ಒಂದು ಕಾರಿನ ಗ್ಯಾಸ್ ಎಳೆದರೆ ಸಾಕು, ನಿಮ್ಮ ಇಡೀ ಟ್ಯಾಂಕ್ ಕೆಡುತ್ತದೆ. ಇನ್ನೂ ಅಪಾಯದ್ದು ನಕಲಿ ಸಿಲಿಂಡರ್. ಆರ್40 ಅನ್ನುವ ರಾಸಾಯನಿಕವನ್ನು ಬೇರೆ ಗ್ಯಾಸ್‌ಗಳ ಜೊತೆ ಬೆರೆಸಿ, ಒತ್ತಡ ಆರ್134ಎ ಥರವೇ ಬರುವ ಹಾಗೆ ಮಾಡಿ ಮಾರಿದ್ದಾರೆ. ಅದು ಅಲ್ಯೂಮಿನಿಯಂ ಜೊತೆ ಸೇರಿ ಗಾಳಿ ತಾಗಿದ ಕೂಡಲೇ ಉರಿಯುವ ವಸ್ತು ಆಗುತ್ತದೆ. 2011ರಲ್ಲಿ ಹಡಗಿನ ಶೀತಲ ಕಂಟೇನರ್‌ಗಳು ಇದೇ ಕಾರಣಕ್ಕೆ ಸಿಡಿದು ಕೆಲಸಗಾರರು ಸತ್ತರು. ಒತ್ತಡ ನೋಡಿ ಇದನ್ನು ಕಂಡುಹಿಡಿಯಲು ಆಗುವುದಿಲ್ಲ. ಒಳಗಿರುವುದು ಯಾವ ಗ್ಯಾಸ್ ಅಂತ ಹೇಳುವ ಗ್ಯಾಸ್ ಐಡೆಂಟಿಫೈಯರ್ ಬೇಕು. ಅದು ದುಬಾರಿ. ನಾಲ್ಕು ಗ್ಯಾರೇಜಿನವರು ಸೇರಿ ಒಂದು ತಗೊಂಡರೂ ಸರಿ. ಅಲ್ಲಿಯವರೆಗೆ ಬಿಲ್ ಕೊಡುವ ಅಂಗಡಿಯಲ್ಲೇ ಸಿಲಿಂಡರ್ ತಗೊಳ್ಳಿ. ಹಿಂದೆ ಯಾರು ಗ್ಯಾಸ್ ಹಾಕಿದ್ದರು ಅಂತ ಗಿರಾಕಿಯನ್ನು ಕೇಳದೆ ಕಾರಿನ ಗ್ಯಾಸ್ ಎಳೆಯಬೇಡಿ. ಕೆಟ್ಟ ಗ್ಯಾಸನ್ನು ಮರುಬಳಕೆಯ ಸಿಲಿಂಡರ್‌ಗೆ ಇಳಿಸಿ, ಮೇಲೆ ದೊಡ್ಡದಾಗಿ ಬರೆದು ಬೇರೆ ಇಡಿ. ನೀಲಿ ಬಣ್ಣದ 13.6 ಕೆಜಿ ಸಿಲಿಂಡರ್ ಒಂದೇ ಸಲಕ್ಕೆ ಬಳಸುವಂಥದ್ದು, ಅದಕ್ಕೆ ವಾಪಸ್ ಏನನ್ನೂ ತುಂಬಬಾರದು.

ಟ್ಯಾಂಕ್ ಸರಿ ಇದೆ ಅಂತಾದರೆ ಮುಂದಿನ ಅನುಮಾನ ತಕ್ಕಡಿಯ ಮೇಲೆ. ಈ ಮಷಿನ್‌ಗಳಲ್ಲಿ ಟ್ಯಾಂಕ್ ಕೂತಿರುವುದು ತೂಕ ಅಳೆಯುವ ಒಂದು ಸೆನ್ಸರ್, ಅಂದರೆ ಲೋಡ್ ಸೆಲ್ ಮೇಲೆ. ಸಣ್ಣ ಕಾರಿಗೆ 400 ಗ್ರಾಂ ಹಿಡಿಯುವಾಗ ತಕ್ಕಡಿ 80 ಗ್ರಾಂ ತಪ್ಪಿದರೆ ಐದನೇ ಒಂದು ಭಾಗ ಹೋದಂತೆ. ದಿನಸಿ ಅಂಗಡಿಯಿಂದ ಸೀಲ್ ಇರುವ ಒಂದು ಕೆಜಿ, ಐದು ಕೆಜಿ ತೂಕದ ಕಲ್ಲು ತನ್ನಿ. ಮಷಿನ್ ಆನ್ ಮಾಡಿ ಇಪ್ಪತ್ತು ನಿಮಿಷ ಬಿಡಿ. ಸ್ಕ್ರೀನ್‌ನಲ್ಲಿ ತೋರಿಸುವ ತೂಕ ಬರೆದುಕೊಂಡು, ಟ್ಯಾಂಕಿನ ಮೇಲೆ ಒಂದು ಕೆಜಿ ಇಡಿ. 1,000 ಗ್ರಾಂ ಏರಬೇಕು, ತೆಗೆದಾಗ ಹಳೆ ಅಂಕಿಗೇ ವಾಪಸ್ ಬರಬೇಕು. ಐದು ಕೆಜಿಯಲ್ಲೂ ಹಾಗೇ ನೋಡಿ. ಹತ್ತಿಪ್ಪತ್ತು ಗ್ರಾಂ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ಇದ್ದರೆ ಮೊದಲು ಟ್ಯಾಂಕಿನ ಸುತ್ತ ಕೈ ಆಡಿಸಿ. ಪೈಪು ಬಿಗಿದು ಎಳೆಯುತ್ತಿರುತ್ತದೆ, ಇಲ್ಲಾ ಟ್ಯಾಂಕ್ ಪಕ್ಕದ ತಗಡಿಗೆ ತಾಗಿರುತ್ತದೆ. ಯಾರೋ ಒಳಗೆ ಸಿಕ್ಕಿಸಿಟ್ಟ ಬಟ್ಟೆ ಚೂರು ಕೂಡ ಸಿಕ್ಕಿದ್ದುಂಟು. ಅದೆಲ್ಲ ಸರಿ ಇದ್ದ ಮೇಲೂ ತಪ್ಪು ತೋರಿಸಿದರೆ ಮೆನುವಿನಲ್ಲಿ ಕ್ಯಾಲಿಬ್ರೇಶನ್ ಮಾಡಿ.

ಇಂಥ ಹಲವು ಮಷಿನ್‌ಗಳಲ್ಲಿ ಲೋಡ್ ಸೆಲ್ ಅಲುಗದಂತೆ ಬಿಗಿಯುವ ಒಂದು ಬೋಲ್ಟ್ ಇರುತ್ತದೆ. ಮಷಿನನ್ನು ಟೆಂಪೋದಲ್ಲಿ ಸಾಗಿಸುವಾಗ ಅದನ್ನು ಬಿಗಿಯಬೇಕು, ಕೆಲಸಕ್ಕೆ ಮೊದಲು ಸಡಿಲಿಸಬೇಕು. ನಿಮಗೆ ಮಾರಿದವರು ಬಿಗಿದೇ ಕಳಿಸಿದ್ದರೆ ತೂಕ ಇವತ್ತಿಗೂ ತಪ್ಪೇ ಬರುತ್ತಿರುತ್ತದೆ. ಬಿಗಿಯದೆ ಕಳಿಸಿದ್ದರೆ ಲೋಡ್ ಸೆಲ್ ಏಟು ತಿಂದಿರುತ್ತದೆ. ಗ್ಯಾರೇಜಿನೊಳಗೂ ಮಷಿನನ್ನು ಹೊಸ್ತಿಲ ಮೇಲೆ ದಡಬಡ ಎಳೆದಾಡಬೇಡಿ.

ಗ್ಯಾಸ್ ಎಳೆಯುವಾಗ ಹಳೆ ಮಷಿನ್‌ಗಳಿಗೆ ಇನ್ನೊಂದು ದೌರ್ಬಲ್ಯ ಇದೆ. ಎಸ್‌ಎಇ ಜೆ2788 ಅನ್ನುವ ಅಮೆರಿಕದ ಮಾನದಂಡ ಬಂದ ಮೇಲೆ, ಅಂದರೆ 2007ರ ಆಸುಪಾಸಿನ ನಂತರ, ಮಷಿನ್ ಕಾರಿನಲ್ಲಿರುವ ಗ್ಯಾಸಿನ ನೂರಕ್ಕೆ 95 ಭಾಗವನ್ನು ಎಳೆಯಬೇಕು, ತುಂಬುವಾಗ 15 ಗ್ರಾಂ ಆಚೀಚೆ ಮಾತ್ರ ತಪ್ಪಬಹುದು ಅಂತ ಆಯಿತು. ಅದಕ್ಕೂ ಹಿಂದಿನವು ಕಾಲು ಭಾಗಕ್ಕಿಂತ ಜಾಸ್ತಿ ಒಳಗೇ ಬಿಟ್ಟರೂ ಆಶ್ಚರ್ಯವಿಲ್ಲ. ನಿಮ್ಮ ಮಷಿನ್ ಯಾವ ಮಾನದಂಡದ್ದು ಅಂತ ಹಿಂದಿನ ತಗಡಿನಲ್ಲಿ ಬರೆದಿರುತ್ತದೆ. ಯಾವುದೇ ಆಗಲಿ, ಎಂಜಿನ್ ಬಿಸಿ ಇದ್ದಾಗ ಎಳೆಯಿರಿ. ಗೇಜ್ ಸೊನ್ನೆಗಿಂತ ಕೆಳಗೆ ಇಳಿದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ. ಆಯಿಲಿನಲ್ಲಿ ಕರಗಿದ್ದ ಗ್ಯಾಸ್ ಬಿಟ್ಟುಕೊಂಡು ಒತ್ತಡ ಮತ್ತೆ ಏರುತ್ತದೆ. ಏರಿದರೆ ಇನ್ನೊಮ್ಮೆ ಎಳೆಯಿರಿ. ಇದು ಬರೀ ದುಡ್ಡು ಉಳಿಸುವ ಮಾತಲ್ಲ. ಒಂದು ಕೆಜಿ ಆರ್134ಎ ಗಾಳಿಗೆ ಬಿಟ್ಟರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು 1,430 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಒಂದು ಸಣ್ಣ ಕಾರಿನ 450 ಗ್ರಾಂ ಅಂದರೆ 640 ಕೆಜಿಯಷ್ಟು. ನಟ್ ಸಡಿಲಿಸಿ ಉಸ್ ಅಂತ ಬಿಟ್ಟುಬಿಡುವವರನ್ನು ನೋಡಿದರೆ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ಗ್ಯಾಸ್ ಜೊತೆ ಬಂದ ಆಯಿಲನ್ನು ಅಳತೆ ಬಾಟಲಿಗೆ ಇಳಿಸಿ, ಅಷ್ಟೇ ಹೊಸದನ್ನು ಹಾಕಿ. ಆರ್134ಎ ಕಾರುಗಳ ಕಂಪ್ರೆಸರಿಗೆ ಸಾಮಾನ್ಯವಾಗಿ ಹಾಕುವ ಪಿಎಜಿ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಮುಚ್ಚಳ ತೆರೆದಿಟ್ಟ ಡಬ್ಬವನ್ನು ಮತ್ತೆ ಬಳಸಬೇಡಿ. ತುಂಬುವಾಗ ಎಂಜಿನ್ ಆಫ್ ಮಾಡಿ, ಹೈ ಸೈಡಿನಿಂದ ತುಂಬಿ. ಎಂಜಿನ್ ಓಡುವಾಗ ಮಷಿನ್‌ನ ಹೈ ಸೈಡ್ ವಾಲ್ವ್ ತೆರೆಯಲೇಬಾರದು. ಕಾರಿನ ಒತ್ತಡ ಉಲ್ಟಾ ಮಷಿನ್ ಒಳಗೆ ನುಗ್ಗುತ್ತದೆ. ತುಂಬಿದ ಮೇಲೆ ಕೆಂಪು ಪೈಪಿನಲ್ಲಿ ಸ್ವಲ್ಪ ಗ್ಯಾಸ್ ಉಳಿದಿರುತ್ತದೆ. ಉದ್ದದ ಪೈಪಿದ್ದರೆ 50 ಗ್ರಾಂ ದಾಟಬಹುದು. ಹಳೆ ಮಷಿನ್ ಅದನ್ನೂ ಕಾರಿಗೆ ಹೋಯಿತು ಅಂತಲೇ ಲೆಕ್ಕ ಹಾಕುತ್ತದೆ. ಆದ್ದರಿಂದ ಕಾರಿನ ಕಡೆಯ ಕೆಂಪು ಕಪ್ಲರ್ ಮುಚ್ಚಿ, ಎಂಜಿನ್ ಸ್ಟಾರ್ಟ್ ಮಾಡಿ, ಮಷಿನ್‌ನ ಎರಡೂ ವಾಲ್ವ್ ನಿಧಾನವಾಗಿ ತೆರೆದು ಪೈಪಿನಲ್ಲಿರುವುದನ್ನು ನೀಲಿ ಕಡೆಯಿಂದ ಕಾರು ಎಳೆದುಕೊಳ್ಳಲಿ. ಕೆಂಪು ಕಪ್ಲರ್ ಮುಚ್ಚಿದೆ ಅಂತ ಖಚಿತ ಮಾಡಿಕೊಂಡೇ ಇದನ್ನು ಮಾಡಿ.

ಮಷಿನ್‌ನ ಫಿಲ್ಟರನ್ನು ಇಷ್ಟು ಕೆಜಿ ಎಳೆದ ಮೇಲೆ ಬದಲಿಸಿ ಅಂತ ಪುಸ್ತಕದಲ್ಲಿರುತ್ತದೆ. ಎಷ್ಟು ಆಗಿದೆ ಅಂತ ನಿಮಗೆ ಗೊತ್ತಿಲ್ಲದೆ ಇರುವುದರಿಂದ ಈಗಲೇ ಒಂದು ಹೊಸದು ಹಾಕಿ, ತಾರೀಕು ಬರೆದು ಅಂಟಿಸಿ. ಹಾಕುವ ಕ್ಷಣದವರೆಗೆ ಅದರ ಮುಚ್ಚಳ ತೆಗೆಯಬೇಡಿ. ಎರಡೂ ವಾಲ್ವ್ ಮುಚ್ಚಿದ್ದರೂ ಗೇಜಿನ ಮುಳ್ಳು ನಿಧಾನವಾಗಿ ಏರುತ್ತಿದ್ದರೆ ಒಳಗಿನ ಸೊಲೆನಾಯ್ಡ್ ವಾಲ್ವ್‌ನಲ್ಲಿ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಕಸ ಕೂತಿದೆ. ಪಂಪ್ ಗುಂಯ್ ಅಂದು ಸ್ಟಾರ್ಟ್ ಆಗದಿದ್ದರೆ ಮೋಟಾರ್ ಬದಲಿಸುವ ಮೊದಲು ಕೆಪಾಸಿಟರ್ ನೋಡಿ, ಕರೆಂಟ್ ಎಷ್ಟು ವೋಲ್ಟ್ ಬರುತ್ತಿದೆ ನೋಡಿ. ಸಂಜೆ ಹೊತ್ತು 180ಕ್ಕೆ ಇಳಿಯುವ ಕಡೆ ಸ್ಟೆಬಿಲೈಜರ್ ಇಲ್ಲದೆ ಓಡಿಸಬೇಡಿ. ಲೀಕ್ ನೋಡಲು ಕಾರಿಗೆ ಕಂಪ್ರೆಸರ್ ಗಾಳಿ ಹೊಡೆಯೋದು ಬೇಡವೇ ಬೇಡ. ಒತ್ತಡದಲ್ಲಿ ಗಾಳಿ ಮತ್ತು ಆರ್134ಎ ಬೆರೆತರೆ ಹೊತ್ತಿಕೊಳ್ಳಬಹುದು. ಒಣ ನೈಟ್ರೋಜನ್ ಬಳಸಿ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಈ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು.

ಹೊಸ ಗ್ಯಾಸ್ ಅಂದರೆ ಆರ್1234ವೈಎಫ್. ಅದಕ್ಕೆ ಈ ಮಷಿನ್ ಬೇಡ. ಅದು ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸ್, ನಿಮ್ಮ ಮಷಿನ್‌ನ ಸ್ವಿಚ್, ಮೋಟಾರ್ ಯಾವುದೂ ಕಿಡಿ ಬರದಂತೆ ಮಾಡಿದ್ದಲ್ಲ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಲ್ಲಿ ಆರ್134ಎ ಹಾಕುವಂತಿಲ್ಲ. ಅಲ್ಲಿಂದ ಬಂದ ದುಬಾರಿ ಕಾರು ನಿಮ್ಮಲ್ಲಿಗೂ ಬರಬಹುದು. ಕಪ್ಲರ್ ಕೂರದ ಹಾಗೆ ಬೇಕಂತಲೇ ಬೇರೆ ಅಳತೆ ಮಾಡಿದ್ದಾರೆ. ಅಡಾಪ್ಟರ್ ಹಾಕಿ ಕೂರಿಸಬೇಡಿ. ಕರೆಂಟಿನಲ್ಲಿ ಓಡುವ ಎಸಿ ಕಂಪ್ರೆಸರ್ ಇರುವ ಹೈಬ್ರಿಡ್‌ಗೂ ಬೇಡ. ಅವುಗಳಲ್ಲಿ ಬರುವುದು ಸಾಮಾನ್ಯವಾಗಿ ಪಿಒಇ ಅನ್ನುವ ಬೇರೆ ಥರದ ಆಯಿಲ್. ನಿಮ್ಮ ಪೈಪಿನಲ್ಲಿ ಅಂಟಿರುವ ಪಿಎಜಿ ಆಯಿಲ್ ಚೂರು ಸೇರಿದರೂ ಕಂಪ್ರೆಸರ್ ಒಳಗಿನ ಕರೆಂಟ್ ತಡೆ ಕಡಿಮೆಯಾಗುತ್ತದೆ. ಅದು ನೂರಾರು ವೋಲ್ಟಿನ ಕಂಪ್ರೆಸರ್. ಆ ಗಿರಾಕಿಯನ್ನು ಬೇರೆ ಕಡೆ ಕಳಿಸಿ, ಬೇಜಾರು ಮಾಡ್ಕೋಬೇಡಿ.

ಆರ್134ಎ ಗಾಡಿಗಳಿಗೆ ಮಾತ್ರ ಈ ಮಷಿನ್ ಧಾರಾಳವಾಗಿ ಇಟ್ಟುಕೊಳ್ಳಿ. ನಮ್ಮ ರಸ್ತೆಯಲ್ಲಿ ಅಂಥ ಗಾಡಿಗಳು ಇನ್ನೂ ಬಹಳ ವರ್ಷ ಓಡುತ್ತವೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಟ್ಯಾಂಕಿನ ತಾಪ, ಒತ್ತಡ ಎರಡನ್ನೂ ನೋಡಿ, ಒಂದು ಕೆಜಿ ಕಲ್ಲಿಟ್ಟಾಗ ತೂಕ ಎಷ್ಟು ಏರಿತು ಅನ್ನೋದನ್ನೂ ಸೇರಿಸಿ ಬರೆದು ಕಳಿಸಿ. ಆ ಮೂರು ಅಂಕಿ ಸಿಕ್ಕರೆ ಮುಂದೆ ಯಾವುದನ್ನು ಬಿಚ್ಚಬೇಕು ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಆ ಟ್ಯಾಂಕಿನ ಗ್ಯಾಸನ್ನು ಯಾವ ಕಾರಿಗೂ ಹಾಕಬೇಡಿ.